ಸೀಸದ ಏಪ್ರನ್ನಿಗೆ ಸೀರಿ ಮಡಿಕಿ

ಇವತ್ತ ನನ್ನ ತಲಿ ಕೆಟ್ಟು ಮಸರಗಡಗಿ ಆಗೇತಿ, ಕೇಳ್ರೆಪಾ ದೋಸ್ತರ. ಎಂಟು ದಿನ ರಜಾ ಮುಗಿಸಿ ಮುಂಜಾನೆ ಬಾಗಲಕೋಟಿ ದವಾಖಾನಿಗೆ ಹೋದ್ರ, ನಾ ಟೆಕ್ನಿಶಿಯನ್ ಇರೋ ಆಂಜಿಯೋಗ್ರಾಂ ಖೋಲ್ಯಾಗ ನಮ್ಮ ಎರಡೂ ಸೀಸದ ಏಪ್ರನ್ ಅಂಚಿಗೆ ಅಂಚು ಕೂಡಿಸಿ ಮಡಚಿ ಇಟ್ಟಾವು! ಮ್ಯಾಲ ದಪ್ಪ ರಜಿಸ್ಟರ್ ಭಾರ ಬ್ಯಾರೆ. ಎಕ್ಸ್‌ರೇ ಕಿರಣ ಮೈಗೆ ತಾಗಬಾರ್ದಂತ ಅವನ್ನ ಹಾಕ್ಕೊಳ್ಳೋದು. ಮಡಚಿದ್ರ ಒಳಗಿನ ಸೀಸ ಬಿರಿತೈತಿ, ಅದಕ್ಕ ಯಾವಾಗಲೂ ನೇತು ಹಾಕಬೇಕು.

"ಯಾರ್ರಿ ಇವನ್ನ ಮಡಚಿದವ್ರು?" ಅಂತ ಒದರಿದೆ.

ಹೊಸದಾಗಿ ಸೇರಿದ ಆಯಾ ಶಾಂತಕ್ಕ ನಕ್ಕೋತ ಬಂದ್ಲು. "ನಾನರಿ ಸರ. ದಿನಾ ಸೀರಿಗತೆ ಮಡಚಿ ಇಡಾಕತ್ತೇನಿ. ಇಳಕಲ್ಲ ನೇಕಾರ್ರ ಮನಿ ಹೆಣ್ಮಗಳು ನಾ, ಅರಿವಿ ಅನ್ನೋದು ಹಂಗ ಜೋತಾಡೋದು ನೋಡಾಕ ಆಗಲಿಲ್ಲ."

ಎರಡನ್ನೂ ಎಕ್ಸ್‌ರೇ ಕೆಳಗಿಟ್ಟು ನೋಡಿದೆ. ಒಂದು ಉಳದೈತಿ. ಇನ್ನೊಂದರಾಗ ಮಡಿಕಿ ಬಿದ್ದಲ್ಲೇ, ಹೊಟ್ಟಿಗೆ ಅಡ್ಡ ಉದ್ದನ್ನ ಬಿರುಕು. ಶಾಂತಕ್ಕಗ ತೋರಿಸಿದೆ.

ಆಕಿ ಮಾರಿ ಸಣ್ಣದಾತು. "ಕೊಡ್ರಿ ಸರ, ನಮ್ಮ ಮಾವನ ಕಡೆ ರಫೂ ಮಾಡಿಸ್ಕೊಂಡ ಬರ್ತೇನಿ. ಹೊಲಿದದ್ದು ಗುರ್ತ ಸಿಗಂಗಿಲ್ಲ."

ಅಷ್ಟರಾಗ ಡಾಕ್ಟರ್ ಬಂದ್ರು. ಎಲ್ಲಾ ಕೇಳಿಸ್ಕೊಂಡ್ರು. ಛಲೋ ಇದ್ದ ಏಪ್ರನ್ ತಾವು ಹಾಕ್ಕೊಂಡು, ಬಿರುಕು ಬಿಟ್ಟದ್ದು ನನ್ನ ಕಡೆ ಸರಿಸಿದ್ರು. "ಹೊಸದು ಬರೂ ಮಟ ಅದರಾಗ ಸುಧಾರಿಸ್ಕೋರಿ. ಸ್ವಲ್ಪ ಹಿಂದ ನಿಂತ್ರ ಆತು" ಅಂದ್ರು.

ಇಡೀ ದವಾಖಾನ್ಯಾಗ ನನ್ನ ಹೊಟ್ಟಿ ಚಿಂತಿ ಮಾಡಿದಾಕಿ, ಸೀಸಕ್ಕ ರಫೂ ಹಾಕಸ್ತೇನಿ ಅಂದ ಶಾಂತಕ್ಕ ಒಬ್ಬಾಕಿನ.