ಒತ್ತು ಹುಡುಕುವ ಎರ್ಸಿಲಿಯಾ

ಬೆಳಗಿನ ಆರು ಗಂಟೆ. ಇಟಲಿಯ ಫೆರಾರಾದಲ್ಲಿ ಮಂಜು ಇನ್ನೂ ನೆಲ ಬಿಟ್ಟಿಲ್ಲ. ಎರಡನೇ ಮಹಡಿಯ ಅಡುಗೆಮನೆಯ ಕಿಟಕಿ ತೆರೆದು ಎರ್ಸಿಲಿಯಾ ಫೆಲ್ಲೋನಿ ಅಂಗಳದತ್ತ ಕೂಗುತ್ತಾರೆ: “ತೆ-ಲೇ-ಫೊ-ನ-ನೊ.” ‘ಅವರು ಫೋನ್ ಮಾಡುತ್ತಾರೆ’ ಎಂದು ಅರ್ಥ. ದೂರದವರನ್ನು ಕರೆಯುವಂತೆ ಕೂಗಿದಾಗ ದನಿ ಎಲ್ಲಿ ಏರುತ್ತದೋ ಅಲ್ಲೇ ಪದದ ಒತ್ತು. ಒಳಗೆ ಬಂದು ಪದವನ್ನು ಐದು ತುಂಡು ಮಾಡಿ, ಎರಡನೆಯದರ ನೆತ್ತಿಗೆ ಪೆನ್ಸಿಲಿನಿಂದ ಗೀಟು ಹಾಕುತ್ತಾರೆ.

“ಯಾರನ್ನೇ ಕರೀತಿದ್ದೀಯ? ಆ ಬೆಕ್ಕು ಬಿಟ್ರೆ ಯಾರೂ ಬರಲ್ಲ,” ಎಂದು ಕೆಳಮನೆಯ ನಿವೆಸ್ ಛೇಡಿಸುತ್ತಾರೆ.

ಅರವತ್ತಮೂರರ ಎರ್ಸಿಲಿಯಾ ಮೂವತ್ತೊಂದು ವರ್ಷ ಊರಿನ ಸಣ್ಣ ಪ್ರಕಾಶನವೊಂದರ ಶಾಲಾ ಕ್ರಿಯಾಪದಕೋಶಕ್ಕೆ ಒತ್ತು ಗುರುತಿಸಿದವರು. 4,200 ಕ್ರಿಯಾಪದ, ಒಂದೊಂದಕ್ಕೂ ಐವತ್ತರಷ್ಟು ರೂಪ, ದಿನಕ್ಕೆ ನಾನೂರು. ನಾಲ್ಕು ಪರಿಷ್ಕರಣೆ ಮುಗಿಸಿದ್ದಾರೆ. ಒಂದರಲ್ಲೂ ಅವರ ಹೆಸರಿಲ್ಲ. ಎಡಗಣ್ಣು ಪೂರ್ತಿ ಮಸುಕು.

“ಬರೆಯೋವಾಗ ನಾವು ಒತ್ತು ತೋರಿಸೋದು ಅಪರೂಪ. ಹೊರಗಿಂದ ಬಂದ ಮಕ್ಕಳು ತಪ್ಪು ಹೇಳಿದ್ರೆ ಇಡೀ ಕ್ಲಾಸು ನಗತ್ತೆ. ಅದಕ್ಕೇ ಈ ಪುಸ್ತಕ,” ಎನ್ನುತ್ತಾರೆ.

ಐದನೆಯ ಪರಿಷ್ಕರಣೆಯ ಕೆಲಸ ಕಂಪ್ಯೂಟರಿನ ಪಾಲಾಯಿತು. ಸೆಪ್ಟೆಂಬರಿನಲ್ಲಿ ಕರಡು ಪುಟಗಳನ್ನು ನೋಡಲು ಮಾತ್ರ ಇವರಿಗೆ ಕೊಟ್ಟರು. ಸಿಕ್ಕ ತಪ್ಪು 611. ಬಹುಪಾಲು ‘ಅವರು ಮಾಡುತ್ತಾರೆ’ ಎಂಬಂಥ ರೂಪಗಳಲ್ಲೇ. ಇವರ ನಿದ್ದೆಗೆಡಿಸಿದ್ದು ಒಂದು. ಮೊದಲ ತುಂಡಿಗೆ ಒತ್ತು ಕೊಟ್ಟು ‘ಪೇರ್ದೊನೊ’ ಎಂದರೆ ‘ಅವರು ಸೋಲುತ್ತಾರೆ’. ಎರಡನೆಯದಕ್ಕೆ ಕೊಟ್ಟು ‘ಪೆರ್ದೋನೊ’ ಎಂದರೆ ‘ನಾನು ಕ್ಷಮಿಸುತ್ತೇನೆ’. ಬರೆಯುವುದು ಎರಡನ್ನೂ ಒಂದೇ ಥರ. ಸೋಲುವವರ ಜಾಗದಲ್ಲಿ ಕಂಪ್ಯೂಟರು ಕ್ಷಮಿಸುವವನನ್ನು ಕೂರಿಸಿತ್ತು. ತಿದ್ದಿಸುತ್ತೇವೆ ಎಂದು ಸಂಪಾದಕ ಜಾಗಿ ಮಾತು ಕೊಟ್ಟಿದ್ದರು.

ಕಳೆದ ಸೋಮವಾರ ಪುಸ್ತಕ ಬಂದಿದೆ. ಎರ್ಸಿಲಿಯಾ ನೇರ 288ನೇ ಪುಟ ತೆರೆದರು. ತಪ್ಪು ಹಾಗೇ ಇದೆ. ಫೋನ್ ಮಾಡಿ, ತಿದ್ದುಪಡಿಯ ಚೀಟಿಯೊಂದನ್ನಾದರೂ ಪುಸ್ತಕದೊಳಗೆ ಇಡಿಸಿ ಎಂದು ಕೇಳಿಕೊಂಡರು.

“ಎರ್ಸಿಲಿಯಾ ಅವ್ರೇ, ಅದನ್ನ ಯಾರು ನೋಡ್ತಾರೆ ಹೇಳಿ?” ಎಂದರು ಜಾಗಿ. “ಪುಸ್ತಕ ಆಗ್ಲೇ ಶಾಲೆಗಳಿಗೆ ಹೋಗಿದೆ. ಇನ್ನು ಅಚ್ಚು ಹಾಕಲ್ಲ. ಇದೇ ಕೊನೇದು.”

ಆದರೂ ಇವರು 611 ತಪ್ಪುಗಳನ್ನು ಮತ್ತೆ ಮೊದಲಿನಿಂದ ತಿದ್ದುತ್ತಿದ್ದಾರೆ. ಯಾರೂ ಕೇಳಿಲ್ಲ, ಕೊಂಡೊಯ್ಯುವವರೂ ಇಲ್ಲ. ಯಾಕೆ ಎಂದು ಕೇಳಿದರೆ, “ಗೊತ್ತಿಲ್ಲಪ್ಪ. ತಪ್ಪು ಕಾಣ್ತಾ ಇದ್ರೆ ಕೈ ಕಟ್ಕೊಂಡು ಕೂರೋಕಾಗಲ್ಲ,” ಎನ್ನುತ್ತಾರೆ.

ಜಾಗಿಯವರನ್ನು ಕ್ಷಮಿಸಿದಿರಾ ಎಂಬ ಪ್ರಶ್ನೆಗೆ ಅವರು 288ನೇ ಪುಟ ತೆರೆದು, ಸೋಲು, ಕ್ಷಮೆ ಎರಡೂ ಆಗುವ ಆ ಪದದ ಮೇಲೆ ಬೆರಳಿಡುತ್ತಾರೆ.

“ಆ ಪದದಲ್ಲಿ ನಾನು ಒಂದು ದಿನವೂ ತಪ್ಪಿಲ್ಲ. ಒತ್ತು ಮೊದಲನೇ ತುಂಡಿಗೆ. ಹಾಗೇ ಬರ್ಕೊಳ್ಳಿ.”