ಹನ್ನೊಂದು ಝ

ಕೂಡ್ಲಿಗಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ ಇತ್ತು. ತೊಂಬತ್ತರ ದಶಕದಲ್ಲಿ ಕೊಟ್ಟೂರಿನಿಂದ ಹಡಗಲಿಯವರೆಗೆ ಎಷ್ಟೋ ಲಗ್ನಪತ್ರಿಕೆಗಳಿಗೆ ಸೀಸದ ಅಚ್ಚುಮೊಳೆ ಜೋಡಿಸಿದ್ದು ಈ ಬೆರಳುಗಳೇ. ಓದಿದ್ದು ಹೈಸ್ಕೂಲು. ಆದರೆ ಬರೆದ ಹಾಳೆ ನೋಡಿದರೆ ಸಾಕು, ಅದಕ್ಕೆ ಎಷ್ಟು 'ರ' ಬೇಕು, ಎಷ್ಟು 'ದ' ಬೇಕು ಎಂದು ಎಣಿಸದೆ ಹೇಳುತ್ತಿದ್ದೆ. ನನ್ನಲ್ಲಿ ಅಕ್ಷರ ಸಾಲದು ಎಂದು ಯಾರಿಗೂ ಹೇಳಿದವನಲ್ಲ. ಆ ಜಂಬವೇ ತಪ್ಪು ಮಾಡಿಸಿತು.

ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಮಾಡುತ್ತಿದ್ದ ಸಾಹೇಬರು ಒಂದು ನಾಟಕ ಬರೆದು ತಂದರು. ನಾಯಕಿಯ ಹೆಸರು ಝರಿ. ನಾಟಕವೆಂದರೆ ಪ್ರತಿ ಮಾತಿನ ಮುಂದೆ ಆಡುವವರ ಹೆಸರು ಬರಬೇಕು. ಪುಟಕ್ಕೆ ಹತ್ತಾದರೂ 'ಝ'. ನಾನು ಒಮ್ಮೆಗೆ ನಾಲ್ಕು ಪುಟ ಅಚ್ಚು ಹಾಕುವವನು. ಅಪರೂಪಕ್ಕೆ ಬೇಕಾಗುವ ಆ ಅಕ್ಷರದ ಮೊಳೆ ನನ್ನ ಖಾನೆಯಲ್ಲಿದ್ದದ್ದು ಹನ್ನೊಂದು.

"ಪ್ರೂಫ್ ನೋಡಾಕ ಯಾವಾಗ ಬರ್ಲಿ?" ಎಂದರು ಸಾಹೇಬರು.

"ನನ್ನ ಕೈಯಾಗ ತಪ್ಪು ಬರ್ತಾವೇನ್ರಿ? ಪುಸ್ತಕ ಒಯ್ಯಾಕ ಬರ್ರಿ."

ಝರಿಯನ್ನು ಸರಸ ಮಾಡಿದೆ. 'ಸ', 'ರ' ರಾಶಿ ಬಿದ್ದಿದ್ದವು.

ಸಾಹೇಬರು ಪುಸ್ತಕ ತೆರೆದು ಕೊನೆಯವರೆಗೂ ಒಂದೊಂದೇ ಪುಟ ತಿರುವಿದರು. "ಯಾವಕಿರೀ ಈಕಿ ಸರಸ?" ಎಂದರು ಕಡೆಗೆ. "ಝ ನನ್ನ ಹೆಂಡ್ತಿ ಹೆಸರಿನ ಮೊದಲ ಅಕ್ಷರ. ರಿ ನನ್ನ ಹೆಸರಿನ ಕಡೀದು. ಅಕಿಗೆ ಉರ್ದು ಓದಾಕ ಬರ್ತೈತಿ, ಕನ್ನಡ ಓದಾಕ ಬರಾಂಗಿಲ್ಲ. ಇದೊಂದು ಅಕ್ಷರ ಕಲ್ಸೀನಿ, ಪುಸ್ತಕದಾಗ ನಿನ್ನ ನೀನ ಹುಡುಕು ಅಂತ. ಈಗ ಏನ್ ತೋರಿಸ್ಲಿ?"

ಹನ್ನೊಂದೇ ಇವೆ ಎನ್ನಲು ಆಗಲೂ ನಾಲಿಗೆ ಏಳಲಿಲ್ಲ. "ಝ ದಾವಣಗೆರೆಯಿಂದ ಬರೋದು ತಡ ಆತ್ರಿ. ಬಂದ ಮ್ಯಾಲೆ ಎಲ್ಲಾ ಹೊಸದಾಗಿ ಹೊಡದು ಕೊಡ್ತೀನಿ" ಎಂದುಬಿಟ್ಟೆ.

ಇಡೀ ಪುಸ್ತಕವನ್ನು ಮತ್ತೆ ಜೋಡಿಸಿದೆ, ಒಮ್ಮೆಗೆ ಒಂದೇ ಪುಟ. ಅಚ್ಚಾದ ಮೇಲೆ ಹನ್ನೊಂದನ್ನೂ ಕಿತ್ತು, ಸೀಮೆಎಣ್ಣೆಯಲ್ಲಿ ತೊಳೆದು, ಮುಂದಿನ ಪುಟಕ್ಕೆ ಕೂಡಿಸುವುದು. ಹನ್ನೊಂದಕ್ಕಿಂತ ಹೆಚ್ಚು ಬೇಕಾದರೆ ಅದೇ ಹಾಳೆ ಎರಡು ಸಲ ಯಂತ್ರಕ್ಕೆ. ಒಂದು ಸಾಲೂ ಅಲುಗಲಿಲ್ಲ. ನನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಮತ್ತೆ ಆಗಲಿಲ್ಲ.

ಪುಸ್ತಕ ಒಯ್ಯಲು ಸಾಹೇಬರು ಹೆಂಡತಿಯನ್ನೂ ಕರೆತಂದರು. ಆಕೆ ಬೆಂಚಿನ ಮೇಲೆ ಕೂತು ಬೆರಳಿಟ್ಟು ಹುಡುಕಿದರು. "ಇಲ್ಲೈತಿ... ಇಲ್ಲೂ ಐತಿ!" ಸಾಹೇಬರು ಬಾಗಿಲಲ್ಲಿ ನಿಂತು ಹೋಗಿಬರುವವರಿಗೆಲ್ಲ ಹೇಳಿದರು: "ನನ್ನ ಪುಸ್ತಕಕ್ಕಂತನ ದಾವಣಗೆರೆಯಿಂದ ಅಕ್ಷರ ತರ್ಸ್ಯಾರ!"

ಆಕೆಯ ಬೆರಳು ಕೊನೆಯ ಪುಟದಲ್ಲಿ ನಿಂತಿತು. "ಅಣ್ಣಾ, ಇಲ್ಲಿ ನಾನು ಮಸುಕಾಗೀನಲ್ಲಾ. ಹೊಸ ಅಕ್ಷರ ಇಷ್ಟು ಲಗೂ ಸವೀತಾವೇನು?"

ನಾನು ತಲೆ ತಗ್ಗಿಸಿದೆ. ಆಕೆ ನಕ್ಕು, ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡರು. ಗಂಡನಿಗೆ ಏನೂ ಹೇಳಲಿಲ್ಲ.

ಕಂಪ್ಯೂಟರ್ ಬಂದ ಮೇಲೆ ಯಂತ್ರ, ಮೊಳೆ ಎಲ್ಲ ಗುಜರಿಗೆ ಹೋದವು. ಸವೆದ ಆ ಹನ್ನೊಂದನ್ನು ಮಾತ್ರ ಇಟ್ಟುಕೊಂಡಿದ್ದೇನೆ. ದಾವಣಗೆರೆಯಿಂದ ಏನೂ ಬಂದಿರಲಿಲ್ಲ, ಸಾಹೇಬರೇ. ನಿಮ್ಮ ಪುಸ್ತಕವಿಡೀ ಎಳೆದದ್ದು ಇವೇ.