ಹೊಳ್ಳಿ ಕಳಿಸಿದ ಟೆಂಪೋ

ಎಳ್ಳಮಾಸಿಯ ದಿನ ಹೊಲ ಬಿಟ್ಟು ಅರಣ್ಯ ಇಲಾಖೆಯ ಉದ್ಯಾನಕ್ಕೆ ಬುತ್ತಿ ಹೊತ್ತುಕೊಂಡು ಹೋದ ಹುಚ್ಚಿಯರು ನಮ್ಮ ಸೀಮೆಯಲ್ಲಿ ನಾವೇ ಇರಬೇಕು. ಆ ಬುದ್ಧಿ ಕೊಟ್ಟವಳು ನಾನೇ. ಅವತ್ತು ಊರಿಗೆ ಊರೇ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಬೆಳೆಯ ನಡುವೆ ಕೂತು ಉಣ್ಣುತ್ತದೆ. ಮುದ್ದೇಬಿಹಾಳದ ಕಡೆಯ ಹಳ್ಳಿಯಲ್ಲಿ ನನ್ನ ಅಕ್ಕ ಮತ್ತು ಅವಳ ಅತ್ತೆ ಮಾತ್ರ ಬಾಗಿಲು ಹಾಕಿಕೊಂಡು ಮನೆಯಲ್ಲೇ ಇರುತ್ತಿದ್ದರು. ಅಕ್ಕನ ಗಂಡ ಸತ್ತ ಮೇಲೆ ಹೊಲವನ್ನು ಪಾಲಿಗೆ ಕೊಟ್ಟುಬಿಟ್ಟಿದ್ದರು. ಅವನು ಸತ್ತದ್ದು ಆ ಹೊಲದಿಂದಲೇ, ಇದೇ ತೊಗರಿ ರಾಶಿಯ ದಿನಗಳಲ್ಲಿ. ಅಲ್ಲಿಗೆ ಕಾಲಿಡಲು ಇಬ್ಬರಿಗೂ ಮನಸ್ಸಿರಲಿಲ್ಲ.

ಅವನು ಕಣದಲ್ಲಿ ರಾಶಿ ಕಾಯುತ್ತ ಮಲಗಿದ್ದವನು ನಸುಕಿನಲ್ಲಿ ಮನೆಗೆ ಬಂದು, ಕಾಲಿಗೆ ಹಾವು ಮುಟ್ಟಿದೆ ಅಂದ. ಬಾವಿಲ್ಲ, ಉರಿಯಿಲ್ಲ. ಅಕ್ಕ ಸೆರಗು ಕಟ್ಟಿ ಓಡಿಹೋಗಿ ಟೆಂಪೋ ಕರೆದುಕೊಂಡು ಬಂದಳು. ಅಷ್ಟರಲ್ಲಿ ಅತ್ತೆ ಹಿತ್ತಲಿನ ಬೇವಿನ ತಪ್ಪಲು ಹರಿದು ತಂದು ಮಗನ ಬಾಯಿಗೆ ಹಾಕಿದ್ದರು. ನಮ್ಮ ಕಡೆ ಹಾವು ಕಡಿದರೆ ಮೊದಲು ನೋಡುವುದು ಇದನ್ನೇ. ಬೇವು ಕಹಿ ಹತ್ತಿದರೆ ವಿಷ ಏರಿಲ್ಲ, ಸಪ್ಪಗೆ ಹತ್ತಿದರೆ ಏರಿದೆ. ಅವನು ಮುಖ ಕಿವುಚಿ, "ಥೂ, ಕಹಿ ಐತಿ ಬಿಡಬೇ" ಅಂದ. ಎಲ್ಲರೂ ನಕ್ಕರಂತೆ. ಅತ್ತೆ ಟೆಂಪೋದವನಿಗೆ ಚಹಾ ಕುಡಿಸಿ ಹೊಳ್ಳಿ ಕಳಿಸಿದರು. ಊಟದ ಹೊತ್ತಿಗೆ ಅವನಿಗೆ ಕಣ್ಣಿನ ರೆಪ್ಪೆ ಎತ್ತಲು ಆಗಲಿಲ್ಲ. ಅದೇ ಟೆಂಪೋ ಮತ್ತೆ ಬಂತು. ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಅಕ್ಕನಿಗೆ ಮಕ್ಕಳಿಲ್ಲ. ಇಂಡಿಯಲ್ಲಿ ನಮ್ಮದು ನಿಂಬೆ ತೋಟ, ದೊಡ್ಡ ಮನೆ. ಬಾ ಅಂತ ಎಷ್ಟು ಸಲ ಕರೆದಿಲ್ಲ, ಎಷ್ಟು ಸಲ ಬೈದಿಲ್ಲ! ಪ್ರತಿ ಸಲವೂ ಅವಳದು ಒಂದೇ ಉತ್ತರ.

"ಅತ್ತಿ ಮಗನಿಗೆ ಏನೇನ ಮಾಡಬೇಕೋ ಎಲ್ಲಾ ಮಾಡ್ಯಾರ. ನಮ್ಮ ಹಣೇಬರಾ ಸರಿ ಇರಲಿಲ್ಲ. ಅಂಥವರನ್ನ ಬಿಟ್ಟು ಹೆಂಗ ಬರ್ಲಿ?"

ಬೇವಿನ ಆ ಪರೀಕ್ಷೆ ಶುದ್ಧ ಸುಳ್ಳೆಂದು ನಾನು ಪೇಪರಿನಲ್ಲಿ ಓದಿದ್ದೆ. ಮಾತು ನುಂಗಿಕೊಳ್ಳುವ ಜಾತಿಯವಳಲ್ಲ ನಾನು. ಆದರೂ ಇದೊಂದನ್ನು ನುಂಗಿಕೊಂಡಿದ್ದೆ. ಹೇಳಿದರೆ ಸತ್ತವನು ಎದ್ದು ಬರುತ್ತಾನೆಯೇ? ಎಲ್ಲಾ ಮಾಡ್ಯಾರ ಅನ್ನುವ ಆ ಒಂದು ಮಾತಿನ ಮೇಲೆ ಆ ಮನೆ ನಿಂತಿತ್ತು. ಅತ್ತೆ ತಲೆ ಹಿಕ್ಕುತ್ತಿದ್ದುದು ಸೊಸೆಗೆ, ಸೊಸೆ ಕಾಲು ಒತ್ತುತ್ತಿದ್ದುದು ಅತ್ತೆಗೆ. ಹೆತ್ತ ತಾಯಿಯ ಹತ್ತಿರವೂ ಅಕ್ಕ ಹಾಗೆ ಇದ್ದವಳಲ್ಲ. ನನಗೆ ಹೊಟ್ಟೆಕಿಚ್ಚು ಆಗುತ್ತಿತ್ತು ಅಂದರೂ ಸರಿಯೇ.

ಉದ್ಯಾನ ಬಾಗೇವಾಡಿ ದಾರಿಯಲ್ಲಿ, ಒಂದು ಬೋಳು ಮರಡಿಯ ಮೇಲೆ. ಸುತ್ತ ತಂತಿಬೇಲಿ, ಒಳಗೆ ಕಲ್ಲು ಹಾಸಿದ ಕಾಲುದಾರಿ, ಸಿಮೆಂಟಿನ ನವಿಲು, ಸಿಮೆಂಟಿನ ಜಿಂಕೆ. ಗಿಡಗಳಿಗೆಲ್ಲ ಹೆಸರಿನ ಫಲಕ. ಜಾಲಿಗೂ ಒಂದು ಫಲಕ. ಜಾಲಿ ಯಾವುದೆಂದು ನಮ್ಮ ಕಡೆ ಆಡಿಗೂ ಗೊತ್ತು.

"ಇವನ್ನ ನೋಡಾಕ ಟಿಕೀಟ ತಗಸೀದಿ ಏನವಾ?" ಅಂದರು ಅತ್ತೆ. "ನಮ್ಮ ಬದುವಿನ ಮ್ಯಾಲ ಪುಕ್ಕಟ ನಿಂತಾವಲ್ಲ."

"ಅಲ್ಲಿ ಹೆಸರ ಬರದಿಲ್ಲರಿ ಅತ್ತಿ" ಅಂದಳು ಅಕ್ಕ. ಇಬ್ಬರೂ ನಕ್ಕರು. ಅಕ್ಕ ನಕ್ಕದ್ದು ನೋಡಿ ಎಷ್ಟೋ ದಿನವಾಗಿತ್ತು. ಕರೆದುಕೊಂಡು ಬಂದದ್ದು ಒಳ್ಳೆಯದಾಯಿತು ಅಂದುಕೊಂಡೆ.

ದಾರಿ ಮುಗಿಯುವಲ್ಲಿ ನಿಸರ್ಗ ಮಾಹಿತಿ ಕೇಂದ್ರವಿತ್ತು. ಮೆಟ್ಟಿಲು ಹತ್ತಲು ಅತ್ತೆಗೆ ಮೊಣಕಾಲು ನೋವು. "ನೀವು ನೋಡ್ಕೊಂಡ ಬರ್ರಿ, ನಾ ಇಲ್ಲಿ ಬುತ್ತಿ ಬಿಚ್ಚತೇನಿ" ಎಂದು ಬಾಗಿಲ ಬಳಿಯ ಕಟ್ಟೆಯ ಮೇಲೆ ಕೂತರು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಕಡುಬು, ಶೇಂಗಾ ಹೋಳಿಗೆ, ಎಲ್ಲ ಅವರೇ ನಸುಕಿನಲ್ಲಿ ಎದ್ದು ಮಾಡಿದ್ದು.

ಒಳಗೆ ವಸತಿ ಶಾಲೆಯ ಮಕ್ಕಳು ನೆಲದ ಮೇಲೆ ಕೂತಿದ್ದವು. ಖಾಕಿ ಅಂಗಿಯ ಹುಡುಗನೊಬ್ಬ ಮೈಕು ಹಿಡಿದು ಮಾತಾಡುತ್ತಿದ್ದ. ಗೋಡೆಯ ಕಪಾಟಿನಲ್ಲಿ ಗಾಜಿನ ಬಾಟಲಿಗಳು, ಅವುಗಳಲ್ಲಿ ಹಾವುಗಳು. ಅವು ಕಂಡ ಕೂಡಲೇ, "ನಡಿ ಅಕ್ಕಾ, ಹಸಿವಿ ಆಗೇತಿ" ಎಂದು ಅಕ್ಕನ ಕೈ ಹಿಡಿದೆ. ಅವಳು ಕಪ್ಪು ಮೈಗೆ ಬಿಳಿ ಪಟ್ಟಿಯಿದ್ದ ಒಂದು ಹಾವನ್ನು ನೋಡುತ್ತ ನಿಂತಿದ್ದಳು.

ಅಷ್ಟರಲ್ಲಿ ಆ ಹುಡುಗ ಕೇಳಿದ, "ಹಾವು ಕಡದ್ರ ಬೇವಿನ ತಪ್ಪಲಾ ತಿನಿಸಿ ನೋಡ್ತಾರಲ್ಲ, ಯಾರ್ಯಾರ ಮನ್ಯಾಗ ಹಂಗ ಮಾಡ್ತೀರಿ? ಕೈ ಎತ್ರಿ ನೋಡೋಣು."

ಮಕ್ಕಳು ಕೈ ಎತ್ತಿದವು. ಅವುಗಳ ಹಿಂದೆ ನನ್ನ ಅಕ್ಕನೂ ಎತ್ತಿದಳು. ಗೊತ್ತಿರುವ ಪ್ರಶ್ನೆಗೆ ಉತ್ತರ ಹೇಳುವ ಸಾಲಿ ಹುಡುಗಿ ಎತ್ತುವ ಹಾಗೆ, ನೆಟ್ಟಗೆ.

ಹುಡುಗನಿಗೆ ಖುಷಿಯಾಯಿತು. "ಹೇಳ್ರಿ ಅಕ್ಕಾರ. ನೋಡೀರಿ ಏನು?"

"ಹೌದ್ರಿ. ನಮ್ಮ ಮನಿಯವರಿಗೆ ನೋಡಿದ್ವಿ. ಕಹಿ ಹತ್ತೇತಿ ಅಂದ್ರು."

"ಕೇಳಿದ್ರಿ ಏನು?" ಅವನು ಮಕ್ಕಳ ಕಡೆ ತಿರುಗಿದ. "ಕಹಿ ಹತ್ತತೈತಿ. ವಿಷ ಮೈಯಾಗ ಇದ್ರೂ ಹತ್ತತೈತಿ, ಇರದಿದ್ರೂ ಹತ್ತತೈತಿ. ನಾಲಿಗಿಗೂ ವಿಷಕ್ಕೂ ಸಂಬಂಧ ಇಲ್ಲ. ಈ ಬಿಳಿ ಪಟ್ಟಿ ಕಟ್ಟುಹಾವು ಕಡದ್ರ ಬಾವೂ ಬರೂದಿಲ್ಲ, ಉರೀನೂ ಇರೂದಿಲ್ಲ. ಬೇವು ತಿನಿಸಿಕೋತ ಕುಂತ್ರ ಮನಶ್ಯಾ ಹೋದಂಗ. ಲಗೂನ ದವಾಖಾನಿಗೆ ಒಯ್ದ್ರ ಇಂಜಕ್ಷನ್ ಐತಿ, ಉಳೀತಾನ."

ಆಮೇಲೆ ನಗುತ್ತಲೇ ಅಕ್ಕನನ್ನು ಕೇಳಿದ, "ನೀವು ಒಯ್ದ್ರಿ ಹೌದಿಲ್ರಿ?"

"ಟೆಂಪೋ ಬಾಗಿಲಿಗೆ ಬಂದಿತ್ತರಿ" ಅಂದಳು ಅಕ್ಕ. "ಹೊಳ್ಳಿ ಕಳಿಸಿದ್ವಿ."

ಅವನಿಗೆ ತಿಳಿಯಿತು. ಮೈಕು ಕೆಳಗಿಳಿಸಿದ. ಪಾಪ, ಅವನನ್ನು ಬೈದು ಏನು ಮಾಡಲಿ, ಮಾಡಬೇಕಾದ ಕೆಲಸವನ್ನೇ ಮಾಡಿದ್ದ. ಆದರೆ ಆ ಕ್ಷಣ ಅವನ ಬಾಯಿ ಹೊಲಿಯಬೇಕು ಅನ್ನಿಸಿದ್ದು ಖರೆ. ಅಕ್ಕ ನನ್ನ ಕೈ ಬಿಡಿಸಿಕೊಂಡಳು. ಕಪಾಟಿನ ಹತ್ತಿರ ಹೋಗಿ ಆ ಬಾಟಲಿಯ ಮುಂದೆ ಬಹಳ ಹೊತ್ತು ನಿಂತಳು. ಅಳಲಿಲ್ಲ. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ.

"ಅತ್ತಿ ಮುಂದ ಏನೂ ಅನಬ್ಯಾಡ ಅಕ್ಕಾ" ಅಂದೆ. "ವಯಸ್ಸಾದವರು, ತಡಕೊಳ್ಳೂದಿಲ್ಲ."

ಅವಳು ನನ್ನ ಮುಖ ನೋಡಿದಳು. "ನಿನಗ ಗೊತ್ತಿತ್ತು" ಅಂದಳು.

ಹೊರಗೆ ಬಂದರೆ ಅತ್ತೆ ಬಿಚ್ಚಿದ ಬುತ್ತಿಯನ್ನು ತಿರುಗಿ ಕಟ್ಟುತ್ತಿದ್ದರು. ಅವರ ತಲೆಯ ಮೇಲೆ, ಬಾಗಿಲ ಪಕ್ಕದಲ್ಲೇ ಸ್ಪೀಕರಿತ್ತು. ಮೈಕಿನ ಒಂದೊಂದು ಮಾತೂ ಅವರಿಗೆ ನಮಗಿಂತ ಗಟ್ಟಿಯಾಗಿ ಕೇಳಿಸಿತ್ತು. ಗಂಟು ಹಾಕಲು ಅವರ ಕೈಗೆ ಬರುತ್ತಿರಲಿಲ್ಲ. ಬೇರೆ ದಿನವಾಗಿದ್ದರೆ ಅಕ್ಕ ಕಸಿದುಕೊಂಡು ಕಟ್ಟುತ್ತಿದ್ದಳು. ಅವತ್ತು ದೂರ ನಿಂತಳು. ಕೊನೆಗೆ ನಾನೇ ಕಟ್ಟಿದೆ.

ಯಾರೂ ಉಣ್ಣಲಿಲ್ಲ. ಮರಡಿ ಇಳಿಯುವಾಗ ಅತ್ತೆ ಒಂದೇ ಒಂದು ಸಲ ಬಾಯಿ ಬಿಟ್ಟರು. "ನಮ್ಮ ಅತ್ತಿ ಹಂಗ ನೋಡತಿದ್ಲು. ಆಕಿ ಅತ್ತೀನೂ ಹಂಗ ನೋಡತಿದ್ಲಂತ." ಮುದ್ದೇಬಿಹಾಳದವರೆಗೆ ಬಸ್ಸಿನಲ್ಲಿ ಅಕ್ಕ ನಿಂತೇ ಬಂದಳು. ಅತ್ತೆಯ ಪಕ್ಕದ ಸೀಟು ಖಾಲಿಯಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಅವರ ಊರಿನ ಬಸ್ಸು ಹೊರಡಲು ನಿಂತಿತ್ತು. ಅಕ್ಕ ಅತ್ತೆಯ ರಟ್ಟೆ ಹಿಡಿದು ಹತ್ತಿಸಿದಳು, ಕಿಟಕಿಯ ಪಕ್ಕ ಕೂರಿಸಿದಳು, ಬುತ್ತಿಯನ್ನು ತೊಡೆಯ ಮೇಲಿಟ್ಟಳು. ಸೊಂಟದಿಂದ ಮನೆಯ ಕೀಲಿಕೈ ತೆಗೆದು ಅವರ ಅಂಗೈಯಲ್ಲಿಟ್ಟು, ಇಳಿದು ಬಂದು ನನ್ನ ಪಕ್ಕ ನಿಂತಳು. "ಇಂಡಿಗೆ ಹೋಗಾಕ ಸಿಂದಗಿ ಬಸ್ಸು ಎಷ್ಟೊತ್ತಿಗೆ ಐತಿ? ನಿನ್ನ ಜೋಡಿ ಬರ್ತೇನಿ" ಅಂದಳು.

ಇಷ್ಟು ವರ್ಷ ನಾನು ಕೇಳಿಕೊಂಡದ್ದು ಈ ಮಾತನ್ನೇ. ಈಗ ಅದು ನನಗೆ ಬೇಡವಾಗಿತ್ತು. ಅಕ್ಕಾ, ಆ ಬಸ್ಸು ಹತ್ತು ಅನ್ನಬೇಕೆಂದು ಬಾಯಿ ತೆರೆದೆ. ಬೈಯಲು ಬರುವ ಬಾಯಿಗೆ ಅದನ್ನು ಹೇಳಲು ಬರಲಿಲ್ಲ.

ಅತ್ತೆ ಕಿಟಕಿಯಿಂದ ಬಗ್ಗಿ ಸೊಸೆಯನ್ನು ನೋಡಿದರು. ಅವರು ಬೇಡಿಕೊಳ್ಳಲಿಲ್ಲ, ಅಳಲೂ ಇಲ್ಲ.

"ಹೋಗವಾ" ಅಂದರು. "ನಿನ್ನ ಜಾಗಾದಾಗ ನಾ ಇದ್ರೂ ಹೋಗತಿದ್ನಿ. ನಂಗ ನನ್ನ ಬಿಟ್ಟು ಹೋಗಾಕ ಬರೂದಿಲ್ಲ, ಅದಕ್ಕ ಮನಿಗೆ ಹೊಂಟೇನಿ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೋಯಿತು.